ಪ್ರತಿವಾದಿಯ ಊರಿನಲ್ಲಿ

ವಿಮಾನ ನಿಲ್ದಾಣ

ಹಾವೇರಿಯ ಕೋರ್ಟಿನಲ್ಲಿ ಗುಮಾಸ್ತನಾಗಿ ಸೇರಿ, ಮೂವತ್ತನಾಲ್ಕು ವರ್ಷ ಕಳೆದು ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಯಾರಾದರೂ ನಗುತ್ತ ಮಾತನಾಡಿಸಿದರೆ ಮೊದಲು ಅವರ ಕೈ ಎಲ್ಲಿದೆ ಎಂದು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತ ಅಧಿಕಾರಿ ನಗುನಗುತ್ತ, ಯಾಕೆ ಬಂದಿರಿ ಎಂದು ಕೇಳಿದ. ಮಗಳ ಮನೆಗೆ ಎಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಾನು ಬಂದದ್ದು ಒಬ್ಬ ಸತ್ತ ಮನುಷ್ಯನ ಕಳ್ಳತನವನ್ನು ರುಜುವಾತು ಮಾಡುವುದಕ್ಕೆ.

ಆತ ಇಂಗ್ಲಿಷಿನ ದೊಡ್ಡ ಹಾಸ್ಯಗಾರ. ಇಲ್ಲದ ಒಂದು ರಾಜ್ಯ ಕಟ್ಟಿಕೊಂಡು ಇಪ್ಪತ್ತೆರಡು ಕಾದಂಬರಿ ಬರೆದ. ಅಲ್ಲಿ ಮಾಟಗಾತಿಯರು ಪೊರಕೆಗೆ ಲೈಸೆನ್ಸ್ ಮಾಡಿಸಬೇಕು, ದೆವ್ವಗಳು ಬಾಡಿಗೆ ಕರಾರು ಬರೆದುಕೊಡಬೇಕು. ಅವನ ಹೆಸರನ್ನು ನಾನು ಬರೆಯುವುದಿಲ್ಲ. ಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವನನ್ನು ಪ್ರತಿವಾದಿ ಎಂದೇ ಕರೆಯುತ್ತ ಬಂದಿದ್ದೇನೆ, ಇಲ್ಲಿಯೂ ಹಾಗೇ ಇರಲಿ.

ಪ್ರಕರಣ ಚಿಕ್ಕದು. ಆಗ ನಮ್ಮ ಕೋರ್ಟಿಗೆ ಬಂದಿದ್ದ ಎಳೆಯ ನ್ಯಾಯಾಧೀಶರೊಬ್ಬರು ಅವನ ಪುಸ್ತಕಗಳನ್ನು ನನಗೆ ಓದಲು ಕೊಟ್ಟರು. ನಾನೂ ಹುಬ್ಬಳ್ಳಿಯ ವಾರಪತ್ರಿಕೆಯಲ್ಲಿ ಮೂರು ಹಾಸ್ಯ ಲೇಖನ ಅಚ್ಚು ಮಾಡಿಸಿ, ಊರಲ್ಲಿ ಎದೆ ಮುಂದೆ ಮಾಡಿ ನಡೆಯುತ್ತಿದ್ದ ಕಾಲ ಅದು. ಡಿಕ್ಷನರಿ ಇಟ್ಟುಕೊಂಡು ಇಪ್ಪತ್ತು ದಿನ ಹೆಣಗಾಡಿ ಇಂಗ್ಲಿಷಿನಲ್ಲಿ ಅವನಿಗೊಂದು ಪತ್ರ ಬರೆದೆ. ಪತ್ರದೊಳಗೆ ನನ್ನದೇ ಒಂದು ಕತೆ. ಜಮೀನಿನ ದಾವೆಯೊಂದಕ್ಕೆ, ತಲೆಯಲ್ಲಿ ಬೆಂಕಿ ಉರಿಯುವ ಬ್ರಹ್ಮರಾಕ್ಷಸನೊಬ್ಬ ಸಾಕ್ಷಿ. ಪ್ರತಿ ಸಲ ಮುಂದಿನ ತಾರೀಖು ಬೀಳುತ್ತದೆ. ವರ್ಷಗಟ್ಟಲೆ ಕೋರ್ಟಿನ ಜಗಲಿಯಲ್ಲಿ ಕೂತ ಅವನ ತಲೆಯ ಬೆಂಕಿಯ ಮೇಲೆ ಚಹಾದಂಗಡಿಯವನು ಕೆಟಲ್ ಇಟ್ಟು ವ್ಯಾಪಾರ ಶುರುಮಾಡುತ್ತಾನೆ. ಪುಸ್ತಕದ ಕೊನೆಯ ಪುಟದಲ್ಲಿದ್ದ ಅವನ ಮನೆಯ ವಿಳಾಸಕ್ಕೆ ಇದನ್ನು ರಿಜಿಸ್ಟರ್ ಎ.ಡಿ. ಮಾಡಿದೆ. ತಿಂಗಳೊಪ್ಪತ್ತಿನಲ್ಲಿ, ಕಾಗದ ಮುಟ್ಟಿದ್ದಕ್ಕೆ ಸಹಿಯಾದ ಗುಲಾಬಿ ಕಾರ್ಡು ವಾಪಸು ಬಂತು. ಉತ್ತರ ಮಾತ್ರ ಬರಲಿಲ್ಲ.

ಎರಡು ವರ್ಷದ ಮೇಲೆ ಅವನ ಹೊಸ ಕಾದಂಬರಿ ಬಂತು. ಅದರಲ್ಲಿ ಒಂದು ಡ್ರ್ಯಾಗನ್ ಕೋರ್ಟಿಗೆ ಸಾಕ್ಷಿಯಾಗಿ ಬಂದು ಮುನ್ನೂರು ವರ್ಷ ಜಗಲಿಯಲ್ಲಿ ಕಾಯುತ್ತದೆ. ಅದರ ಉಸಿರಿನ ಮೇಲೆ ಒಬ್ಬ ಮುದುಕಿ ಚಹಾ ಕಾಸುತ್ತಾಳೆ! ಓದಿದ ದಿನವೇ ಬರೆದದ್ದನ್ನೆಲ್ಲ ಒಲೆಗೆ ಹಾಕಿ ಪೆನ್ನು ಕೆಳಗಿಟ್ಟೆ. ಆಮೇಲೆ ಒಂದು ಸಾಲೂ ಬರೆಯಲಿಲ್ಲ. ಯಾಕೆ ಬಿಟ್ಟಿರಿ ಎಂದು ಯಾರು ಕೇಳಿದರೂ ಗುಲಾಬಿ ಕಾರ್ಡು ತೆಗೆದು ತೋರಿಸುತ್ತಿದ್ದೆ. ಕೋರ್ಟಿನ ಲೆಕ್ಕದಲ್ಲಿ ಎ.ಡಿ. ಕಾರ್ಡಿನ ಮೇಲೆ ಸಹಿ ಬಿತ್ತೆಂದರೆ ಕಾಗದ ಮುಟ್ಟಿತು, ವಿಷಯ ತಿಳಿಯಿತು ಎಂದೇ ಅರ್ಥ. ಅದರ ಮೇಲೆ ವಾದವಿಲ್ಲ.

“ಸತ್ತಾವನ ಜೋಡಿ ಜಗಳಾ ಮಾಡಾಕ ವಿಮಾನ ಹತ್ತಿ ಹೊಂಟೀರಿ. ನಾ ಯಾಕ ಬರ್ಲಿ?” ಎಂದು ನನ್ನ ಹೆಂಡತಿ ಹಾವೇರಿಯಲ್ಲೇ ಉಳಿದಳು.

ಕೊಲಿಂಡೇಲ್

ಮಗಳು ಗೀತಾ ಇಲ್ಲಿಯ ಕೌನ್ಸಿಲ್‌ನಲ್ಲಿ ಕೆಲಸ ಮಾಡುತ್ತಾಳೆ. ಮನೆ ಇಲ್ಲದವರ ಅರ್ಜಿ ನೋಡುವ ವಿಭಾಗ. ಅಳಿಯ ಆಫೀಸಿನ ಕೆಲಸಕ್ಕೆಂದು ತಿಂಗಳ ಮಟ್ಟಿಗೆ ಬೇರೆ ದೇಶಕ್ಕೆ ಹೋಗಿದ್ದ. ಎಂಟನೇ ಅಂತಸ್ತಿನ ಅವಳ ಫ್ಲ್ಯಾಟಿನಲ್ಲಿ ನಾನು, ಅವಳು, ಮತ್ತು ಗೋಡೆಯಾಚೆ ಯಾರೋ. ಆ ಯಾರೋ ಹದಿನೆಂಟು ದಿನದಲ್ಲಿ ಒಮ್ಮೆಯೂ ಕೆಮ್ಮಲಿಲ್ಲ. ಇಷ್ಟು ಸದ್ದಿಲ್ಲದೆ ಬದುಕುವವರು ಏನು ಮಾಡುತ್ತಿರಬಹುದು ಎಂದು ನನಗೆ ಚಿಂತೆ. ಲಿಫ್ಟಿನೊಳಗೆ ಹೆಣ್ಣು ದನಿಯೊಂದು ಪ್ರತಿ ಅಂತಸ್ತಿನ ನಂಬರನ್ನು ಹೇಳುತ್ತಿತ್ತು. ನಾನು ಎಲ್ಲಿ ಇಳಿದೆ ಎಂಬುದು ಅವಳಿಗೇಕೆ?

ಎಲ್ಲಕ್ಕಿಂತ ಆಶ್ಚರ್ಯವಾದದ್ದು ಪಾರ್ಸೆಲ್‌ಗಳದ್ದು. ಬಾಗಿಲ ಮುಂದೆ ಪೆಟ್ಟಿಗೆ ಇಟ್ಟು, ಅದರ ಫೋಟೋ ಹೊಡೆದುಕೊಂಡು, ಗಂಟೆ ಒತ್ತಿ, ನಾನು ಬಾಗಿಲು ತೆರೆಯುವುದರೊಳಗೆ ತಂದವನು ಮಾಯ. ಸಹಿ ಇಲ್ಲ, ಸಾಕ್ಷಿ ಇಲ್ಲ. ನಮ್ಮಲ್ಲಿ ಸಮನ್ಸ್ ತೆಗೆದುಕೊಳ್ಳದವನ ಬಾಗಿಲಿಗೆ ಅಂಟಿಸಿ ಬರುವಾಗಲೂ ಇಬ್ಬರು ಪಂಚರ ಸಹಿ ಬೇಕಿತ್ತು.

“ಯಾರರ ಎತ್ತಿಕೊಂಡು ಹೋದ್ರ?” ಎಂದು ಕೇಳಿದೆ.

“ಯಾರೂ ಒಯ್ಯಂಗಿಲ್ಲ ಅಪ್ಪಾ. ಒಯ್ದ್ರ ಇನ್ನೊಂದು ಕಳಸ್ತಾರ,” ಎಂದಳು ಗೀತಾ.

ಇನ್ನೊಂದು ಕಳಿಸುತ್ತಾರಂತೆ. ಅಂದರೆ ಮೊದಲನೆಯದರಲ್ಲೇ ಎರಡರ ಬೆಲೆ ಹಿಡಿದಿರುತ್ತಾರೆ ಎಂದು ನಾನು ಹೇಳಿದ್ದಕ್ಕೆ ಅವಳು ತಲೆ ಚಚ್ಚಿಕೊಂಡಳು.

ಮೂರನೆಯ ದಿನ ಚಳಿ ಹೆಚ್ಚಾಗಿ, ಕಂಬಳಿ ಹುಡುಕುತ್ತ ಅವಳ ಬೀರು ತೆರೆದೆ. ಕಂಬಳಿಗಳ ಹಿಂದೆ ಸಾಲಾಗಿ ಪ್ರತಿವಾದಿಯ ಪುಸ್ತಕಗಳು. ಎಣಿಸಿದೆ, ಇಪ್ಪತ್ತೆರಡೂ ಇದ್ದವು. ಪುಟಗಳ ಮೂಲೆ ಮಡಚಿ ಮಡಚಿ ಬೆಕ್ಕಿನ ಕಿವಿಯಾಗಿದ್ದವು. ನನ್ನ ರಕ್ತ ಹಂಚಿಕೊಂಡವಳೇ ಎದುರು ಪಕ್ಷದ ಸಾಕ್ಷಿ!

ಸಂಜೆ ಅವಳು ಬಂದ ಕೂಡಲೇ ವಿಚಾರಣೆ ನಡೆಸಿದೆ. ಅವಳು ಅಳಲಿಲ್ಲ, ನಿರಾಕರಿಸಲೂ ಇಲ್ಲ. ಕೋಟು ತೆಗೆದು ಮೊಳೆಗೆ ಹಾಕುತ್ತ ಹೇಳಿದಳು: “ನಾ ಇಲ್ಲಿಗೆ ಬಂದ ಮೊದಲನೇ ವರ್ಷ ಒಬ್ಬಾಕೀನ ಇದ್ನಿ. ಆವಾಗ ಇವನ್ನ ಓದಿ ನಕ್ಕೇನಿ ಅಪ್ಪಾ. ನೀವು ಬೈತೀರಂತ ಮುಚ್ಚಿಟ್ಟಿದ್ನಿ.” ಆಮೇಲೆ, “ಅವ್ರ ಮನಿ ಇಲ್ಲಿಂದ ಎರಡ ಸ್ಟೇಷನ್ ಐತಿ. ಓದುಗರ ಸಂಘದವ್ರು ಒಂದು ಖೋಲಿ ಇಟ್ಟಾರ, ಶನಿವಾರಕ್ಕೊಮ್ಮೆ ತಗೀತಾರ. ಹೋಗಿ ಕೇಳಿ ಬರ್ರಿ, ಒಮ್ಮೆ ಮುಗೀಲಿ,” ಎಂದಳು.

ನಾನು ಹಾವೇರಿಯಿಂದ ಹೊರಟಿದ್ದೇ ಅದಕ್ಕೆ. ಆದರೆ ಅವಳೇ ಹೋಗು ಎಂದದ್ದು ಕೇಳಿ ಇದರಲ್ಲೂ ಏನೋ ಇದೆ ಅನ್ನಿಸಿತು.

ಸೌತ್‌ಹಾಲ್

ಶನಿವಾರಕ್ಕೆ ಇನ್ನೂ ಎರಡು ದಿನವಿತ್ತು. ರೊಟ್ಟಿ ಇಲ್ಲದೆ ನನ್ನ ಮುಖ ಸಣ್ಣಗಾಗಿದೆ ಎಂದು ಗೀತಾ ರಜೆ ಹಾಕಿ ಸೌತ್‌ಹಾಲ್‌ಗೆ ಕರೆದುಕೊಂಡು ಹೋದಳು. ಅಲ್ಲಿಯ ಬ್ರಾಡ್‌ವೇ ಬೀದಿಯಲ್ಲಿ ಹಾಗಲಕಾಯಿ, ಜಿಲೇಬಿ, ಮದುವೆ ಬಟ್ಟೆ, ಎಲ್ಲವೂ ಫುಟ್‌ಪಾತಿಗೆ ಬಂದು ನಿಂತಿದ್ದವು. ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಸಲ ಯಾರೋ ನನ್ನ ಭುಜಕ್ಕೆ ಡಿಕ್ಕಿ ಹೊಡೆದು ಸಾರಿ ಅನ್ನದೆ ಹೋದರು. ಮನಸ್ಸಿಗೆ ಹಿತವಾಯಿತು. ಬೇರೆ ಕಡೆ ನಾನೇ ಅವರ ಕಾಲು ತುಳಿದರೂ ಅವರೇ ಸಾರಿ ಅನ್ನುತ್ತಾರೆ. ತಪ್ಪು ಮಾಡದವನು ಕ್ಷಮೆ ಕೇಳುವ ಊರಲ್ಲಿ ತಪ್ಪು ಮಾಡಿದವನನ್ನು ಹಿಡಿಯುವುದು ಹೇಗೆ?

ಜೋಳದ ಹಿಟ್ಟು ಕೊಂಡು ತಂದೆವು. ಮನೆಯಲ್ಲಿ ಕಲಸಿದರೆ ಹಳದಿ. ಬಡಿದರೆ ನಾಲ್ಕು ಚೂರು. ಅದು ಗೋವಿನಜೋಳದ, ಅಂದರೆ ಮೆಕ್ಕೆಜೋಳದ ಹಿಟ್ಟು. ಅಂಗಡಿಯವನು ಮೋಸ ಮಾಡಿದ ಎಂದು ನಾನು ಕೂಗಾಡಿದೆ, ನಾಳೆಯೇ ಹೋಗಿ ಮುಖಕ್ಕೆ ಎಸೆಯುತ್ತೇನೆ ಎಂದೆ. ಗೀತಾ ಪೊಟ್ಟಣ ತಿರುಗಿಸಿ ತೋರಿಸಿದಳು. ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು. ಕನ್ನಡಕ ಇಲ್ಲದೆ ಕಪಾಟಿನಿಂದ ಅದನ್ನು ಎಳೆದವನು ನಾನೇ. ಆ ರಾತ್ರಿ ಚೂರುಗಳನ್ನೇ ಮೊಸರಿನಲ್ಲಿ ಕಲಸಿ ತಿಂದೆವು.

ಎಜ್‌ವೇರ್, ಮೊದಲ ಶನಿವಾರ

ಮೊದಲ ಸಲ ಒಬ್ಬನೇ ಹೋದೆ. ಎದುರು ಪಕ್ಷದ ಜಾಗವನ್ನು ಮೊದಲು ಸುಮ್ಮನೆ ನೋಡಿ ಬರಬೇಕು ಎಂಬುದು ನನ್ನ ಲೆಕ್ಕ. ಎಜ್‌ವೇರ್ ಟ್ಯೂಬ್ ರೈಲಿನ ಕೊನೆಯ ಸ್ಟೇಷನ್ನು. ಇಳಿದವರೆಲ್ಲ ಎರಡೇ ನಿಮಿಷದಲ್ಲಿ ಮನೆಗಳೊಳಗೆ ಸೇರಿಕೊಂಡರು. ಬೀದಿಯಲ್ಲಿ ಉಳಿದವನು ನಾನೊಬ್ಬ. ಕತ್ತರಿಸಿದ ಬೇಲಿ, ಕೆಂಪು ಇಟ್ಟಿಗೆ, ಒಂದರಂತೆ ಇನ್ನೊಂದು ಮನೆ. ಇಂಥ ಬೀದಿಯಲ್ಲಿ ಕೂತು ಡ್ರ್ಯಾಗನ್ ಕನಸು ಕಂಡ ಎಂದರೆ ಯಾರು ನಂಬುತ್ತಾರೆ? ಹೊರಗಿನಿಂದ ಯಾರೋ ಪೂರೈಸಿರಬೇಕು ಅನ್ನಿಸಿತು.

ಮನೆಯ ಮುಂದಿನ ಖೋಲಿಯಲ್ಲಿ ಅವನ ಮೇಜು, ಟೈಪ್‌ರೈಟರ್, ಮೊಣಕೈ ಸವೆದ ಒಂದು ಸ್ವೆಟರ್. ಒಂದು ಮೂಲೆಯಲ್ಲಿ ಬಿಳಿಗೂದಲಿನ, ಗಿಡ್ಡ ಮೈಕಟ್ಟಿನ ಹೆಂಗಸೊಬ್ಬರು ಕೂತಿದ್ದರು. ಬಂದವರಿಗೆಲ್ಲ ನೋಟ್ಸ್ ಮಾಡಿಕೊಳ್ಳಲು ಒಂದೊಂದು ಪೆನ್ಸಿಲ್ ಕೊಡುತ್ತಿದ್ದರು. ಖೋಲಿಯೊಳಗೆ ಪೆನ್ನು ತರುವಂತಿಲ್ಲ. ನನ್ನ ಇಂಗ್ಲಿಷಿನ ನಾಲ್ಕು ಮಾತು ಕೇಳಿದ್ದೇ ಅವರು ಕನ್ನಡಕ ಮೇಲೆ ಮಾಡಿದರು.

“ನೀವು ಕನ್ನಡದವರಲ್ವಾ? ನಮ್ಮದು ಕಾರ್ಕಳದ ಹತ್ರ ಮಾರಾಯ್ರೇ! ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಲಿಲ್ಲಿ ಡಿಸೋಜ ಅಂತ. ಇವರಿಗೆ ಇಪ್ಪತ್ತೊಂಬತ್ತು ವರ್ಷ ಟೈಪ್ ಮಾಡಿ ಕೊಟ್ಟವಳು ನಾನೇ.”

ಪ್ರತಿವಾದಿಯ ಮನೆಯಲ್ಲಿ ಕನ್ನಡ! ಇದು ಬಲೆಯೇ ಇರಬೇಕು ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವರು ಕೊಟ್ಟ ಚಹಾವನ್ನು ಅವರು ಮೊದಲು ಕುಡಿದ ಮೇಲೆಯೇ ನಾನು ಕುಡಿದೆ. ಕೊನೆಗೆ ತಡೆಯಲಾರದೆ ಕೈಚೀಲದಿಂದ ಗುಲಾಬಿ ಕಾರ್ಡು ತೆಗೆದು, ಅದನ್ನು ಬಿಡದೆ ಹಿಡಿದುಕೊಂಡೇ ತೋರಿಸಿದೆ.

“ಬಾಯಾರ, ಈ ಸಹಿ ಯಾರದು, ಹೇಳ್ರಿ.”

ಅವರು ಬಗ್ಗಿ ನೋಡಿದರು. ನಗು ಮುಖ ತುಂಬಾ ಹರಡಿತು. “ಇದು ನನ್ನದಲ್ವಾ ಸಾರ್! ಪೋಸ್ಟಿನವ ಬಂದ್ರೆ ಸೈನ್ ಹಾಕ್ಲಿಕ್ಕೆ ನಾನೇ ಹೋಗುವುದು. ಅವರು ಬಾಗಿಲಿಗೆ ಬರುವವರೇ ಅಲ್ಲ.”

ಇಪ್ಪತ್ತೆಂಟು ವರ್ಷ ನಾನು ಜೋಪಾನ ಮಾಡಿದ ಪ್ರತಿವಾದಿಯ ಸಹಿ ಕಾರ್ಕಳದ ಲಿಲ್ಲಿ ಬಾಯಿಯ ಸಹಿಯಾಗಿತ್ತು! ಆದರೂ ನಾನು ಬಿಡಲಿಲ್ಲ. ಸಹಿ ನಿಮ್ಮದಾದರೇನು, ಕಾಗದ ಒಳಗೆ ಹೋಗಿ ಅವನ ಕೈ ಸೇರಿರಬೇಕಲ್ಲ ಎಂದು ಕೇಳಿದೆ. ಕತೆಯ ವಿಷಯವನ್ನೂ ಹೇಳಿಬಿಟ್ಟೆ, ದನಿ ಸ್ವಲ್ಪ ಏರಿತೆಂದು ಕಾಣುತ್ತದೆ. ಪೆನ್ಸಿಲ್ ಹಿಡಿದ ಒಬ್ಬ ಹುಡುಗಿ ನಮ್ಮ ಕಡೆ ನೋಡಿ ಸಾರಿ ಅಂದಳು.

ಲಿಲ್ಲಿ ಬಾಯಿ ಸಿಟ್ಟಾಗಲಿಲ್ಲ. “ದಪ್ಪ ಕವರು ಅವರು ಮುಟ್ಟುವುದಿಲ್ಲ ಸಾರ್. ಯಾರೋ ಒಬ್ಬ ಹಿಂದೆ, ನನ್ನ ಕತೆ ಕದ್ದಿದ್ದೀರಿ ಅಂತ ಗಲಾಟೆ ಮಾಡಿದ್ದ. ಅಂದಿನಿಂದ ಅವರಿಗೆ ಎಲ್ಲರ ಮೇಲೂ ಸಂಶಯ. ಒಂದು ಹಾಳೆಯ ಕಾಗದ ಆದ್ರೆ ಓದಿ ಉತ್ತರ ಬರೀತಿದ್ರು. ದಪ್ಪ ಉಂಟಾದ್ರೆ ಒಳಗೆ ಕತೆ ಉಂಟು ಅಂತ ಲೆಕ್ಕ. ಹಾಗೇ ಪೆಟ್ಟಿಗೆಗೆ ಹಾಕ್ಲಿಕ್ಕೆ ಹೇಳ್ತಿದ್ರು. ಒಡೆದು ನೋಡುವುದಿಲ್ಲ ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ರು, ಬೈಬಲ್ ಮುಟ್ಟಿ.”

“ನಂಬೂದು ಹೆಂಗ?” ಎಂದೆ.

“ನಂಬಬೇಡಿ. ಪೆಟ್ಟಿಗೆಗಳು ಮೇಲೆ ಉಂಟು. ಮುಂದಿನ ಶನಿವಾರ ಬನ್ನಿ, ಹುಡುಕಿ ಇಡ್ತೇನೆ.”

ಹೊರಡುವಾಗ ಗೋಡೆಯ ಮೇಲಿನ ಒಂದು ಫೋಟೋ ಕಣ್ಣಿಗೆ ಬಿತ್ತು. ಕಡತಗಳ ಗುಡ್ಡೆಯ ಹಿಂದೆ ಒಬ್ಬ ತೆಳ್ಳಗಿನ ಯುವಕ. ಬರೆಯುವ ಮುಂಚೆ ಆತ ಇಲ್ಲಿಯ ಒಂದು ಸಿವಿಲ್ ಕೋರ್ಟಿನಲ್ಲಿ ಹನ್ನೊಂದು ವರ್ಷ ಗುಮಾಸ್ತನಾಗಿದ್ದನಂತೆ. ಮೊದಲ ಕಾದಂಬರಿಯನ್ನು ಕೇಸುಗಳ ಪಟ್ಟಿಯ ಹಿಂಬದಿಯಲ್ಲೇ ಬರೆದದ್ದಂತೆ. ಮನೆಗೆ ಬಂದು, ಇದು ನಿನಗೆ ಗೊತ್ತಿತ್ತೇ ಎಂದು ಗೀತಾಳನ್ನು ಕೇಳಿದೆ. “ಗೊತ್ತಿತ್ತು. ಹೇಳಿದ್ರ ಕೇಳ್ತಿದ್ರೇನು ನೀವು?” ಎಂದಳು.

ಎಜ್‌ವೇರ್, ಎರಡನೆಯ ಶನಿವಾರ

ಈ ಸಲ ಗೀತಾಳೂ ಬಂದಳು. ಆ ವಾರವೆಲ್ಲ ನಾನು ಒಂದೇ ಯೋಚನೆಯಲ್ಲಿದ್ದೆ. ಲಕೋಟೆಗೆ ಹಬೆ ಹಿಡಿದು ಬಿಚ್ಚಿ, ಓದಿ, ಮತ್ತೆ ಅಂಟಿಸಬಹುದು. ಕೋರ್ಟಿನಲ್ಲಿ ಅಂಥ ಲಕೋಟೆಗಳನ್ನು ನಾನು ಕಂಡಿದ್ದೇನೆ. ಅಂಟಿನ ಅಂಚು ಬಿರುಸಾಗಿರುತ್ತದೆ, ಕಾಗದ ಸ್ವಲ್ಪ ಅಲೆಯಾಗಿರುತ್ತದೆ. ಗೀತಾಳ ಮನೆಯಿಂದ ಒಂದು ಭೂತಗನ್ನಡಿಯನ್ನೂ ತಂದಿದ್ದೆ.

ಲಿಲ್ಲಿ ಬಾಯಿ ಲಕೋಟೆಯನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದು ನಿಂತರು. ನನ್ನ ಅಕ್ಷರ. ಅಂಚೆ ಕಚೇರಿಯ ಮುದ್ರೆ. ತಿರುಗಿಸಿದೆ. ಹಿಂಬದಿಯಲ್ಲಿ ಐದು ಕಡೆ ಕೆಂಪು ಅರಗು. ಯಾರ ಮೇಲೂ ನಂಬಿಕೆ ಇಲ್ಲದ ನಾನು ಆ ದಿನ ಅರಗು ಕರಗಿಸಿ, ಬಿಸಿಯಿರುವಾಗಲೇ ಪ್ರತಿಯೊಂದಕ್ಕೂ ನನ್ನ ಹೆಬ್ಬೆಟ್ಟು ಒತ್ತಿದ್ದೆ. ಇದು ನನಗೆ ಪೂರ್ತಿ ಮರೆತೇ ಹೋಗಿತ್ತು. ಕಡತ ಹೊಲಿಯುವ ದಬ್ಬಣ ಚುಚ್ಚಿ ನನ್ನ ಹೆಬ್ಬೆರಳಿಗೆ ಅಡ್ಡಕ್ಕೆ ಒಂದು ಗೀರಾಗಿದೆ. ಐದೂ ಮುದ್ರೆಯಲ್ಲಿ ಆ ಗೀರಿತ್ತು. ಒಂದೂ ಬಿರಿದಿರಲಿಲ್ಲ.

ಭೂತಗನ್ನಡಿ ತೆಗೆಯುವ ಅಗತ್ಯ ಬೀಳಲಿಲ್ಲ. ಹೆಬ್ಬೆಟ್ಟಿನ ವಿಷಯದಲ್ಲಿ ಮೂವತ್ತನಾಲ್ಕು ವರ್ಷ ತಜ್ಞನೆನಿಸಿಕೊಂಡವನು ನನ್ನ ಹೆಬ್ಬೆಟ್ಟನ್ನೇ ಹೇಗೆ ಅಲ್ಲಗಳೆಯಲಿ? ಆ ಬರಹಗಾರರು ಇದನ್ನು ಓದಿರಲಿಲ್ಲ. ಹಾವೇರಿಯ ಜಗಲಿಯೂ ಅವರ ಕೋರ್ಟಿನ ಜಗಲಿಯೂ ಒಂದೇ ಆಗಿದ್ದವು, ಅಷ್ಟೇ. ಕಾಯುತ್ತ ಕೂತ ಜನರನ್ನು ಇಬ್ಬರೂ ನೋಡಿದ್ದೆವು.

“ಊರಿನ ಕಾಗದ ಅಂತ ನನಗೆ ಕೈ ತುರಿಸಿತ್ತು ಸಾರ್,” ಎಂದರು ಲಿಲ್ಲಿ ಬಾಯಿ. “ಆಣೆ ಇತ್ತಲ್ಲ, ಒಡೀಲಿಲ್ಲ.” ಅಷ್ಟು ಹೇಳಿ ಚಹಾ ಮಾಡಲು ಒಳಗೆ ಹೋದರು.

ಗೀತಾ ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. “ಹಂಗಾದ್ರ ಯಾಕ ಬಿಟ್ರಿ ಅಪ್ಪಾ ಬರಿಯೂದು?”

ಗುಲಾಬಿ ಕಾರ್ಡು ತೋರಿಸುವಂತಿರಲಿಲ್ಲ. ನಾಚಿಕೆಯಾಯಿತು. ಮುಖ ಎತ್ತದೆ ಹೇಳಿದೆ. “ಹೊಸಾದು ಹೊಳೀಲಿಲ್ಲವ್ವಾ. ಈ ಪತ್ರ ಹಾಕಿದ ಮ್ಯಾಲೆ ಎರಡು ವರ್ಷ ಏನೂ ಹೊಳೀಲಿಲ್ಲ. ಅವನ ಪುಸ್ತಕ ಬಂದ ದಿನ ಸಿಟ್ಟು ಬಂತು ಖರೇ, ಒಳಗ ಸಮಾಧಾನನೂ ಆತು. ಇನ್ನ ಬರೀಬೇಕಾಗಿಲ್ಲ ಅಂತ.”

ಅವಳು ಲಕೋಟೆಯನ್ನು ನನ್ನ ಕಡೆ ಸರಿಸಿದಳು. “ನಾ ನಿಮ್ಮ ಒಂದು ಕತಿನೂ ಓದಿಲ್ಲ. ಎಲ್ಲಾ ಸುಟ್ಟೀರಿ. ಇದೊಂದರ ಓದಸ್ರಿ.”

ಬೇಡ ಎಂದೆ. ನನಗೆ ಭಯವಾಗಿತ್ತು. ಮುಚ್ಚಿದ್ದಷ್ಟು ದಿನ ಅದು ಕದಿಯಲು ಯೋಗ್ಯವಾದ ಕತೆ. ತೆರೆದರೆ ಏನಾಗಿರುತ್ತದೋ! ಚಹಾ ತಂದ ಲಿಲ್ಲಿ ಬಾಯಿ, ಸಂಘದ ವಸ್ತುವನ್ನು ತೆರೆಯಲು ಕಳಿಸಿದವರಿಗೆ ಮಾತ್ರ ಹಕ್ಕು ಎಂದು ಒಂದು ರಿಜಿಸ್ಟರ್ ಮುಂದಿಟ್ಟರು. ತೆರೆದವರ ಸಹಿ, ಸಾಕ್ಷಿಗಳ ಸಹಿ. ರಿಜಿಸ್ಟರ್ ನೋಡಿದ್ದೇ ಕೈ ತಾನಾಗಿ ಮುಂದೆ ಹೋಯಿತು. ಸಹಿ ಹಾಕಿ ಅರಗು ಮುರಿದೆ.

ಇಂಗ್ಲಿಷಿನ ನಾಲ್ಕು ಹಾಳೆ. ಗೀತಾ ಓದುತ್ತಿದ್ದಳು, ನಾನು ಅವಳ ಮುಖ ನೋಡುತ್ತಿದ್ದೆ. ಮೊದಲನೆಯ ಹಾಳೆಗೆ ನಗಲಿಲ್ಲ. ಎರಡನೆಯದಕ್ಕೂ ಇಲ್ಲ. ಕೆಟಲ್ ಬರುವುದು ಮೂರನೆಯದರಲ್ಲಿ. ಅಲ್ಲಿಯೂ ತುಟಿ ಅಲುಗಲಿಲ್ಲ. ಮಡಚಿಟ್ಟು, “ಚಲೋ ಐತಿ ಅಪ್ಪಾ,” ಎಂದಳು.

“ಸುಳ್ಳು ಸಾಕ್ಷಿ ಹೇಳಬ್ಯಾಡ.”

ಅವಳು ನನ್ನನ್ನು ನೇರ ನೋಡಿದಳು. “ಅವ್ರದು ಚಲೋ ಐತಿ. ನಿಮ್ಮದಕ್ಕಿಂತ ಭಾಳ ಚಲೋ.”

ಇಷ್ಟು ವರ್ಷದ ಕೋರ್ಟಿನ ಬದುಕಿನಲ್ಲಿ ಇಂಥ ಸಾಕ್ಷಿ ನನಗೆ ಸಿಕ್ಕಿರಲಿಲ್ಲ. ನೋವಾಯಿತು, ಬಹಳ ನೋವಾಯಿತು. ಆದರೆ ಅವಳ ಮಾತನ್ನು ಸಂಶಯಿಸಲು ಒಂದು ಎಳೆಯೂ ಸಿಗಲಿಲ್ಲ.

“ಯಾಕ?” ಎಂದು ಕೇಳಿದೆ.

“ನಿಮ್ಮ ಬ್ರಹ್ಮರಾಕ್ಷಸಗ ಎಲ್ಲಾರ ಮ್ಯಾಲೂ ಸಂಶೇ. ವಕೀಲ ಕಳ್ಳ, ಗುಮಾಸ್ತ ಕಳ್ಳ, ಕೆಟಲ್ ಇಟ್ಟಾವ ಮೋಸಗಾರ. ನಾಲ್ಕು ಪುಟ ಬರೇ ಬೈದಾನ. ಅವ್ರ ಡ್ರ್ಯಾಗನ್ ಹಂಗಿಲ್ಲ ಅಪ್ಪಾ. ತಾ ನಿದ್ದಿ ಮಾಡಿದ್ರ ಮುದುಕಿ ಚಾ ಆರತೈತಂತ ಮುನ್ನೂರು ವರ್ಷ ಎಚ್ಚರ ಇರತೈತಿ. ಅದನ್ನ ಓದಿದಾಗೆಲ್ಲಾ ನಗತೇನಿ, ಕಣ್ಣಾಗ ನೀರೂ ಬರತಾವ.”

ನಾನು ಚಹಾ ಕುಡಿದೆ. ಆರಿತ್ತು. ಕೆಟಲ್ ಇಟ್ಟವನನ್ನು ನನ್ನ ಬ್ರಹ್ಮರಾಕ್ಷಸ ಬೈಯದೆ ಇದ್ದರೆ ಏನನ್ನುತ್ತಿದ್ದ ಎಂದು ಯೋಚಿಸುತ್ತ ಕೂತೆ. ಆಮೇಲೆ ಲಿಲ್ಲಿ ಬಾಯಿಯಿಂದ ಒಂದು ಬಿಳಿ ಹಾಳೆ ಇಸಿದುಕೊಂಡೆ. ಅವರು ಕೇಳದೆಯೇ ಪೆನ್ಸಿಲ್ಲನ್ನೂ ಕೊಟ್ಟರು. ಈ ಸಲ ಇಂಗ್ಲಿಷ್ ಬೇಡ ಎಂದುಕೊಂಡು ಕನ್ನಡದಲ್ಲೇ ಬರೆದೆ. ಚಹಾದಂಗಡಿಯವನು ಮೊದಲ ದಿನ ನಡುಗುತ್ತ ಕೆಟಲ್ ಹಿಡಿದುಕೊಂಡು ಬರುತ್ತಾನೆ. ಬ್ರಹ್ಮರಾಕ್ಷಸ ತಲೆಯನ್ನು ಸ್ವಲ್ಪ ಬಗ್ಗಿಸಿ ಕೇಳುತ್ತಾನೆ: “ಸಮ ಕೂತೈತೇನು? ಇಲ್ಲಾಂದ್ರ ಇನ್ನೊಂದೀಟು ಬಗ್ಗತೇನಿ.”

ನನ್ನ ಭುಜದ ಮೇಲಿಂದ ಓದುತ್ತಿದ್ದ ಗೀತಾ ನಕ್ಕಳು. ಅದು ನಿಜವಾದ ನಗುವೋ, ಅಪ್ಪನಿಗೆ ಬೇಜಾರಾಗಬಾರದೆಂದು ನಕ್ಕಿದ್ದೋ, ತಿರುಗಿ ನೋಡಲಿಲ್ಲ. ನಾನು ಮುಂದಿನ ಸಾಲಿನಲ್ಲಿದ್ದೆ.